ಬೇಲಿ ಬಿಡದ ಕ್ಯಾಪ್ಟನ್

ಆರಿನ್ ಬಾಸ್ಕಮ್‌ಗೆ ದೇವರು ಕೊಟ್ಟಿದ್ದ ದೊಡ್ಡ ಆಸ್ತಿಯೆಂದರೆ ಗಂಟಲು. ಅಮೆರಿಕದ ಓಹಾಯೋ ರಾಜ್ಯದ ಹಾರ್ಲೋ ಮಿಲ್ಸ್ ಎಂಬ ನಮ್ಮ ಊರಿನಲ್ಲಿ ಅವನು ಶಾಲೆಯ ಮೇಷ್ಟ್ರಾಗಿದ್ದಾಗ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟರೂ ಅದು ಪ್ರಾರ್ಥನೆಯ ಹಾಗೆ ಕೇಳುತ್ತಿತ್ತು. ಹಾಲು ಮಾರಿ ಮನೆಗೆ ಹೋಗುವ ಹೆಂಗಸರು ಕಿಟಕಿಯ ಹೊರಗೆ ಒಂದು ಗಳಿಗೆ ನಿಂತು ಕೇಳಿ ಹೋಗುತ್ತಿದ್ದರು. ಗಂಟಲು ಇಷ್ಟು ಗಟ್ಟಿಯಿದ್ದವನ ಎದೆಯೂ ಅಷ್ಟೇ ಗಟ್ಟಿಯಿರಬೇಕು ಎಂದು ಜನ ನಂಬಿಕೊಂಡರು. ಗಂಟಲಿಗೂ ಎದೆಗೂ ಗೇಣಿನಷ್ಟೇ ದೂರ ನಿಜ, ಆದರೆ ಆ ಗೇಣಿನಲ್ಲಿ ಏನೆಲ್ಲ ಹೂತುಹೋಗಬಹುದು ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

ದಕ್ಷಿಣದ ರಾಜ್ಯಗಳು ನಾವು ಬೇರೆ ದೇಶ ಎಂದು ಕೋವಿ ಎತ್ತಿದಾಗ ನಮ್ಮೂರಿನ ಹುಡುಗರೂ ದಂಡಿಗೆ ಹೊರಟರು. ಆ ಕಾಲದಲ್ಲಿ ಇಂಥವನೇ ನಿಮ್ಮ ಕ್ಯಾಪ್ಟನ್ ಎಂದು ಮೇಲಿನಿಂದ ಯಾರೂ ಕಳಿಸುತ್ತಿರಲಿಲ್ಲ. ತುಕಡಿಗೆ ಸೇರಿದವರೇ ಒಟ್ಟಾಗಿ ನಿಂತು, ಕೈ ಎತ್ತಿ, ತಮ್ಮ ಕ್ಯಾಪ್ಟನ್ನನ್ನು ಆರಿಸಿಕೊಳ್ಳುತ್ತಿದ್ದರು. ನ್ಯಾಯವಾಗಿ ನೋಡಿದರೆ ಆ ಪಟ್ಟ ಕಮ್ಮಾರ ಗಾಡ್‌ಫ್ರೀ ಕುಂಕಲ್‌ಗೆ ಸಿಗಬೇಕಿತ್ತು. ಅವನು ಹಡಗು ಹತ್ತಿ ಬರುವ ಮುಂಚೆ ಜರ್ಮನಿಯಲ್ಲಿ ಸಿಪಾಯಿಯಾಗಿದ್ದವನು, ಗುಂಡಿನ ಸದ್ದು ಕೇಳಿದ್ದವನು. ಆದರೆ ಕುಂಕಲ್‌ಗೆ ಮಾತು ಬಾರದು. ಬಾಸ್ಕಮ್ ಗಿರಣಿಯ ಕಟ್ಟೆಯ ಮೇಲೆ ಹತ್ತಿದ, ಸೇಬಿನ ಹೆಂಡದ ಪೀಪಾಯಿಯೊಂದನ್ನು ಉರುಳಿಸಿ ತರಿಸಿದ, ಅಲ್ಲಿದ್ದ ತಾಯಂದಿರ ಕಡೆಗೆ ತಿರುಗಿ ನಿಮ್ಮ ಮಕ್ಕಳು ಇವತ್ತಿನಿಂದ ನನ್ನ ಮಕ್ಕಳು ಎಂದ. ತಾಯಂದಿರು ಅತ್ತರು. ಹುಡುಗರು ಕುಡಿದರು. ಕೈಗಳೆಲ್ಲ ಮೇಲಕ್ಕೆ ಹೋದವು, ಕುಂಕಲ್‌ನ ಕೈ ಕೂಡ.

"ನಂಗೆ ಯುದ್ಧ ಮಾಡೋಕೆ ಬರುತ್ತೆ, ಮಾತಾಡೋಕೆ ಬರಲ್ಲ. ಇವ್ರಿಗೆ ಮಾತು ಬರುತ್ತೆ," ಎಂದ ಕುಂಕಲ್. "ಇಬ್ರನ್ನೂ ಸೇರಿಸಿದ್ರೆ ಒಬ್ಬ ಕ್ಯಾಪ್ಟನ್ ಆಗ್ತಾನೆ ಬಿಡ್ರೋ."

"ಹಂಗಾದ್ರೆ ಪಟ್ಟ ಒಬ್ರಿಗೆ, ಗುಂಡು ಇನ್ನೊಬ್ರಿಗಾ?" ಎಂದು ಹಿಂದಿನಿಂದ ಕೂಗಿದವನು ಬಡಗಿ ಎನಾಕ್ ಟಿಲ್ಸನ್. ಎಲ್ಲರೂ ನಕ್ಕರು. ಬಾಸ್ಕಮ್ ಎಲ್ಲರಿಗಿಂತ ಜೋರಾಗಿ ನಕ್ಕ. ಟಿಲ್ಸನ್ ಇಂಥವನೇ, ನಾಲಿಗೆಯ ತುದಿಯಲ್ಲಿ ಮೊಳೆ ಇಟ್ಟುಕೊಂಡೇ ಓಡಾಡುವವನು. ಕುಂಕಲ್‌ನನ್ನು ಸಾರ್ಜೆಂಟ್ ಮಾಡಿದರು. ಬಾಸ್ಕಮ್‌ನ ಭುಜಕ್ಕೆ ಚಿನ್ನದ ಬಣ್ಣದ ಪಟ್ಟಿ ಬಂತು.

ಟೆನ್ನೆಸೀಯಲ್ಲಿ ಒಂದು ಬೆಳಿಗ್ಗೆ ಆ ತುಕಡಿಯನ್ನು ಮುಸುಕಿನ ಜೋಳದ ಹೊಲದ ಅಂಚಿನಲ್ಲಿ, ಮರದ ದಿಮ್ಮಿಗಳ ಬೇಲಿಯ ಹಿಂದೆ ಮಲಗಿಸಿದರು. ಜೋಳದ ದಂಟುಗಳು ತಾವಾಗಿಯೇ ಮುರಿದು ಬೀಳುತ್ತಿದ್ದವು, ಅಷ್ಟು ಗುಂಡು. ಪಕ್ಕದ ತುಕಡಿ ಎದ್ದು ಓಡಿತು. ಬಾಸ್ಕಮ್‌ನ ಎಡಗಡೆ ಕುಂಕಲ್ ಹಲ್ಲಿನಲ್ಲಿ ಮದ್ದಿನ ಕಾಗದದ ಪೊಟ್ಟಣ ಕಚ್ಚಿ ಹರಿಯುತ್ತ, ಕೋವಿ ತುಂಬುತ್ತ, ಹೊಡೆಯುತ್ತ ಇದ್ದ. ಬಲಗಡೆ ಟಿಲ್ಸನ್. ಬಾಸ್ಕಮ್‌ನ ಮುಖ ಮಣ್ಣಿಗೆ ಒತ್ತಿಕೊಂಡಿತ್ತು. ಅವನ ಚಡ್ಡಿ ಒದ್ದೆಯಾಗಿತ್ತು. ಇದನ್ನು ಹೇಳಬಾರದು, ಆದರೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

"ಎನಾಕ್, ಓಡು," ಎಂದ ಅವನು. "ಕರ್ನಲ್ ಹತ್ರ ಹೋಗು. ನಾವು ಹಿಂದಕ್ಕೆ ಬರಬಹುದಾ ಕೇಳು. ಬೇಗ, ಬೇಗ ಹೋಗು. ಕೋವಿ ಇಲ್ಲೇ ಬಿಟ್ಟು ಓಡು, ಭಾರ ಆಗುತ್ತೆ."

ಟಿಲ್ಸನ್ ಕೋವಿ ಬಿಟ್ಟು ಓಡಿದ. ಕರ್ನಲ್ ತನಕ ಅವನು ಮುಟ್ಟಲೇ ಇಲ್ಲ. ಓಡಿಹೋಗುವವರನ್ನು ಹಿಡಿಯಲೆಂದೇ ಹಿಂದೆ ಕಾವಲು ನಿಂತಿದ್ದವರು, ಬರಿಗೈಯಲ್ಲಿ ಓಡಿ ಬಂದವನನ್ನು ಹಿಡಿದು ಕಟ್ಟಿಹಾಕಿದರು. ಇತ್ತ ಬೇಲಿಯ ಹಿಂದೆ ಬಾಸ್ಕಮ್ ಅಪ್ಪಣೆಗಾಗಿ ಕಾದ, ಅಪ್ಪಣೆ ಬರಲಿಲ್ಲ. ಬರಲಿಲ್ಲವೆಂದೇ ತುಕಡಿ ಅಲ್ಲೇ ಉಳಿಯಿತು. ಕುಂಕಲ್ ಜರ್ಮನ್ ಭಾಷೆಯಲ್ಲಿ ಬೈಯುತ್ತ ಒಬ್ಬೊಬ್ಬರನ್ನೇ ಬೆನ್ನು ತಟ್ಟಿ ಹೊಡೆಸಿದ. ಎಷ್ಟೋ ಜನ ಸತ್ತರು. ಸಂಜೆಯ ಹೊತ್ತಿಗೆ ಶತ್ರುಗಳೇ ಬೇಸತ್ತು ಸರಿದುಹೋಗಿದ್ದರು. ಪತ್ರಿಕೆಗಳು "ಬೇಲಿ ಬಿಡದ ತುಕಡಿ" ಎಂದು ಬರೆದವು. ದೇಶಕ್ಕೆಲ್ಲ ಹೆಸರಾಯಿತು.

ಕರ್ನಲ್‌ನ ಡೇರೆಗೆ ಬಾಸ್ಕಮ್‌ನನ್ನು ಕರೆಸಿದಾಗ ಟಿಲ್ಸನ್ ಅಲ್ಲಿ ಕೈ ಕಟ್ಟಿಸಿಕೊಂಡು ನಿಂತಿದ್ದ.

"ಹಿಂದೆ ಸರಿಯೋ ಮಾತು ಎತ್ತಿದ ಅಧಿಕಾರಿ ಯಾವನೇ ಆಗಿರ್ಲಿ, ಅವನ ಭುಜದ ಪಟ್ಟಿ ನನ್ನ ಕೈಯಾರೆ ಕಿತ್ತು ಹಾಕ್ತೀನಿ," ಎಂದ ಕರ್ನಲ್. ಅವನ ಕಣ್ಣು ಕೆಂಡವಾಗಿತ್ತು. "ಇವನು ಹೇಳ್ತಾನೆ, ನೀನೇ ಕಳಿಸಿದ್ದಂತೆ. ಹೇಳು ಬಾಸ್ಕಮ್, ಕಳಿಸಿದ್ದು ನೀನಾ?"

"ಇಲ್ಲ ಸಾರ್," ಎಂದ ಬಾಸ್ಕಮ್.

ಅಷ್ಟೇ. ಸ್ವರ ಸ್ವಲ್ಪವೂ ನಡುಗಲಿಲ್ಲ. ಅಂಥ ಗಂಟಲು.

ಮರುದಿನ ದಳವನ್ನೆಲ್ಲ ಎರಡು ಸಾಲಾಗಿ ನಿಲ್ಲಿಸಿದರು. ಟಿಲ್ಸನ್‌ನ ಅರ್ಧ ತಲೆ ಬೋಳಿಸಿದರು. ಕ್ಷೌರದ ಕತ್ತಿ ಹಿಡಿದವನು ಅವನ ತುಕಡಿಯ ಸಾರ್ಜೆಂಟ್, ಅಂದರೆ ಕುಂಕಲ್. ಕತ್ತಿ ಒಮ್ಮೆ ಜಾರಿ ಕಿವಿಯ ಮೇಲೆ ರಕ್ತ ಬಂತು. "ಹೇಡಿ" ಎಂದು ಬರೆದ ಹಲಗೆಯನ್ನು ಕೊರಳಿಗೆ ಕಟ್ಟಿ, ತಮಟೆ ಬಡಿಯುತ್ತ ಕೊಳಲು ಊದುತ್ತ ಆ ಸಾಲುಗಳ ನಡುವೆ ನಡೆಸಿದರು. ಸಾಲಿನಲ್ಲಿ ನಿಂತಿದ್ದವರು ಯಾರು? ಅವನು ಯಾರ ಮನೆಗೆ ಬಾಗಿಲು ಕೂರಿಸಿದ್ದನೋ ಅವರು, ಯಾರ ತೊಟ್ಟಿಲು ಮಾಡಿಕೊಟ್ಟಿದ್ದನೋ ಅವರ ಮಕ್ಕಳು. ಬೇರೆ ಊರಿನ ದಂಡಾಗಿದ್ದರೆ ಅವಮಾನ ಅಲ್ಲಿಗೇ ಮುಗಿಯುತ್ತಿತ್ತು. ಇದು ಒಂದೇ ಊರಿನ ದಂಡು. ಅವಮಾನ ಟಿಲ್ಸನ್‌ಗಿಂತ ಮೊದಲೇ ಊರು ಸೇರಿತ್ತು, ಅವನ ತಾಯಿ ಚರ್ಚಿಗೆ ಹೋಗುವುದನ್ನು ಬಿಟ್ಟಿದ್ದಳು.

ಯುದ್ಧ ಮುಗಿದು ಬಾಸ್ಕಮ್ ಊರಿಗೆ ಬಂದಾಗ ಅವನ ಕುದುರೆಯ ಕೊರಳಿಗೆ ಹೂವಿನ ಹಾರ ಹಾಕಿದರು. ಮೇಷ್ಟ್ರ ಕೆಲಸಕ್ಕೆ ಅವನು ಮತ್ತೆ ಹೋಗಲಿಲ್ಲ. ಪಕ್ಷದ ಯಜಮಾನ ಥಾಡಿಯಸ್ ಗ್ರಬ್ ಎಂಬ ವಕೀಲ ಬಂದು, ಇಂಥ ಗಂಟಲು, ಇಂಥ ಬೇಲಿ ಎರಡೂ ಇರುವವನು ಶಾಲೆಯಲ್ಲಿ ಕೊಳೆಯುವುದೇ ಎಂದು ಕೇಳಿದ. ರಾಜಧಾನಿ ಕೊಲಂಬಸ್ಸಿನ ಶಾಸನ ಸಭೆಗೆ ಬಾಸ್ಕಮ್ ಸಲೀಸಾಗಿ ಆರಿಸಿ ಹೋದ. ವೋಟಿನ ದಿನ ಹಳೆಯ ತುಕಡಿಯವರು ಕುಂಕಲ್‌ನ ಹಿಂದೆ ಸಾಲುಗಟ್ಟಿ, ಕ್ಯಾಪ್ಟನ್‌ನ ಪಕ್ಷದ ಬಣ್ಣದ ಚೀಟಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಬರುತ್ತಿದ್ದರು. ಒಬ್ಬನೂ ತಪ್ಪಿಸುತ್ತಿರಲಿಲ್ಲ. ಯಾವ ಸಭೆಗೆ ಹೋದರೂ ಜನ ಬೇಲಿಯ ಕಥೆ ಕೇಳುತ್ತಿದ್ದರು, ಅವನು ಹೇಳುತ್ತಿದ್ದ. ಹೇಳಿ ಹೇಳಿ ಅದರಲ್ಲಿ ತಾನು ನಿಂತುಕೊಂಡೇ ಕತ್ತಿ ಬೀಸಿದೆ ಎನ್ನುವಷ್ಟು ದೂರ ಬಂದಿದ್ದ.

ಟಿಲ್ಸನ್‌ನ ಮನೆ ಬಾಸ್ಕಮ್‌ನ ಬೀದಿಯ ಕೆಳಗಿನ ತುದಿಯಲ್ಲಿ, ಚರ್ಮ ಹದಮಾಡುವ ಅಂಗಡಿಯ ಪಕ್ಕದಲ್ಲಿತ್ತು. ಅವನನ್ನು ಬಡಗಿ ಕೆಲಸಕ್ಕೆ ಯಾರೂ ಮನೆಯೊಳಗೆ ಕರೆಯುತ್ತಿರಲಿಲ್ಲ. ಬಾವಿ ತೋಡಲು ಕರೆಯುತ್ತಿದ್ದರು, ಬಾವಿಯೊಳಗೆ ಇಳಿದವನ ಮುಖ ನೋಡಬೇಕಾದ ಕಷ್ಟವಿಲ್ಲವಲ್ಲ. ರೈಲು ನಿಲ್ದಾಣಕ್ಕೆ ಹೋಗುವ ನೇರ ದಾರಿ ಅವನ ಮನೆಯ ಮುಂದೆಯೇ. ಬಾಸ್ಕಮ್ ಮಾತ್ರ ಗಿರಣಿಯ ಕಡೆಯಿಂದ ಸುತ್ತಿ ಬಳಸಿ ಹೋಗುತ್ತಿದ್ದ. ನಡೆದರೆ ತಿಂದದ್ದು ಕರಗುತ್ತದೆ ಎಂದು ಹೆಂಡತಿಗೆ ಹೇಳಿದ್ದ.

"ಹೊಟ್ಟೆಯಲ್ಲಿರೋದು ಕರಗುತ್ತೋ ಇಲ್ವೋ, ಬೂಟು ಮಾತ್ರ ಕರಗ್ತಿದೆ ನೋಡಿ," ಎನ್ನುತ್ತಿದ್ದಳು ಲವೀನಿಯಾ. ಅವಳಿಗೆ ಗಂಡ ನಿದ್ದೆಯಲ್ಲಿ ಹಲ್ಲು ಕಡಿಯುವುದು ಗೊತ್ತಿತ್ತು, ಯಾಕೆಂದು ಗೊತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಊಟದ ಮೇಜಿನಲ್ಲಿ ಯಾರಾದರೂ ಇನ್ಯಾರನ್ನೋ ಹೇಡಿ ಎಂದರೂ ಸಾಕು, ಬಾಸ್ಕಮ್‌ನ ಕೈಯ ಚಮಚ ತಟ್ಟೆಗೆ ತಾಗಿ ಸದ್ದಾಗುತ್ತಿತ್ತು.

ವರ್ಷಗಳು ಕಳೆದವು. ಗ್ರಬ್ ಈಗ ಬಾಸ್ಕಮ್‌ನನ್ನು ವಾಷಿಂಗ್ಟನ್ನಿನ ದೊಡ್ಡ ಸಭೆಗೇ ಕಳಿಸಬೇಕೆಂದು ಹೊರಟಿದ್ದ. ಆ ವಸಂತದಲ್ಲಿ ಒಂದು ಬೆಳಿಗ್ಗೆ ಟಿಲ್ಸನ್ ಅಡುಗೆಮನೆಯ ಹಿಂಬಾಗಿಲಿಗೆ ಬಂದು ನಿಂತ. ಬಾಸ್ಕಮ್ ಕಾಫಿ ಕುಡಿಯುತ್ತಿದ್ದ. ಲವೀನಿಯಾ ಕೋಳಿಗಳಿಗೆ ಕಾಳು ಹಾಕಲು ಹೊರಗೆ ಹೋಗಿದ್ದಳು. ಟಿಲ್ಸನ್ ಒಣಗಿ ಕಡ್ಡಿಯಾಗಿದ್ದ.

"ಹೆದ್ರಬೇಡಿ ಮೇಷ್ಟ್ರೇ, ಕಚ್ಚಲ್ಲ," ಎಂದ. ಊರೆಲ್ಲ ಕ್ಯಾಪ್ಟನ್ ಎಂದು ಕರೆದರೂ ಟಿಲ್ಸನ್ ಮಾತ್ರ ಅವನನ್ನು ಮೇಷ್ಟ್ರೇ ಎನ್ನುತ್ತಿದ್ದ.

"ಕೂತ್ಕೋ ಎನಾಕ್."

"ಕೂತ್ರೆ ಕೆಮ್ಮು ಶುರುವಾಗುತ್ತೆ. ನಿಂತೇ ಹೇಳ್ತೀನಿ. ಬಾವಿಗಳ ತೇವ ಎಲ್ಲ ನನ್ನ ಎದೆಗೆ ಬಂದು ಕೂತಿದೆ. ಡಾಕ್ಟ್ರು ಬಾಯಿಬಿಟ್ಟು ಹೇಳಲ್ಲ, ತಲೆ ಮಾತ್ರ ಆಡಿಸ್ತಾರೆ. ಅದ್ಕೇ ಬಂದೆ." ಅವನು ಬಾಗಿಲ ಚೌಕಟ್ಟನ್ನು ಕೈಯಿಂದ ಸವರಿದ. ಅದು ಅವನೇ ಕೂರಿಸಿದ ಬಾಗಿಲು. "ಸಿಪಾಯಿಗಳ ಗೋರಿಗೆ ಹೂ ಹಾಕೋ ದಿನ ತುಕಡಿಯೋರು ಸಾಲಲ್ಲಿ ನಡೀತಾರಲ್ಲ, ನಾನೂ ನಡೀಬೇಕು. ಒಂದೇ ಒಂದ್ಸಲ. ನೀವು ಕಳಿಸಿದ್ದು ಅಂತ ಎಲ್ರ ಮುಂದೆ ಒಂದು ಮಾತು ಹೇಳ್ಬಿಡಿ."

ಬಾಸ್ಕಮ್ ಕಾಫಿ ಲೋಟವನ್ನು ಕೆಳಗಿಟ್ಟ.

"ಸುಳ್ಳು ಹೇಳಿದ್ದೆ ಅನ್ನೋದು ಬೇಡ ಮೇಷ್ಟ್ರೇ. ಮರೆತಿದ್ದೆ ಅನ್ನಿ. ಗುಂಡಿನ ಸದ್ದಿಗೆ ತಲೆ ಕೆಟ್ಟಿತ್ತು, ಈಗ ನೆನಪಾಯ್ತು ಅನ್ನಿ. ಜನ ನಂಬ್ತಾರೆ. ನೀವು ಹಂದಿ ಹಾರುತ್ತೆ ಅಂದ್ರೂ ನಂಬ್ತಾರೆ ಈ ಊರೋರು."

ತಾನು ಹಾಳುಮಾಡಿದ ಮನುಷ್ಯನೇ ಬಂದು ತನ್ನ ಮಾನ ಉಳಿಸುವ ದಾರಿಯನ್ನೂ ಯೋಚಿಸಿಕೊಟ್ಟನಲ್ಲ ಎಂದು ಬಾಸ್ಕಮ್‌ಗೆ ಮೈಯೆಲ್ಲ ಬೆಂಕಿ ಬಿದ್ದಂತಾಯಿತು. ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ.

"ಹೇಳ್ತೀನಿ," ಎಂದ. "ಆಣೆ ಮಾಡಿ ಹೇಳ್ತೀನಿ, ಎನಾಕ್."

"ಆಣೆ ಬೇಡ, ನಿಮ್ಮ ಆಣೆ ನಾನು ನೋಡಿದೀನಿ. ಹೇಳಿದ್ರೆ ಸಾಕು. ನನ್ನ ಹೆಂಡ್ತಿ ಕೋಟು ಇಸ್ತ್ರಿ ಮಾಡ್ತಾಳೆ. ಸುಮ್ನೆ ಮಾಡಿಸ್ಬೇಡಿ," ಎಂದು ಟಿಲ್ಸನ್ ಹೊರಟುಹೋದ.

ಆ ದಿನ ಬಂತು. ಸ್ಮಶಾನದಲ್ಲಿ ಹಲಗೆಗಳ ವೇದಿಕೆ ಕಟ್ಟಿದ್ದರು. ತುಕಡಿಯವರು ಮುಂದೆ ನಿಂತಿದ್ದರು, ಅವರ ತುದಿಯಲ್ಲಿ ಕುಂಕಲ್, ಪಕ್ಕದಲ್ಲಿ ಊರ ಬ್ಯಾಂಡಿನವರು. ಸ್ಮಶಾನದ ಗೇಟಿನ ಆಚೆ ಇಸ್ತ್ರಿ ಮಾಡಿದ ಕರಿ ಕೋಟು ತೊಟ್ಟು ಟಿಲ್ಸನ್ ನಿಂತಿದ್ದ. ಕೂದಲು ಒದ್ದೆ ಮಾಡಿ ಬಾಚಿಕೊಂಡಿದ್ದ. ಬಾಸ್ಕಮ್ ಅವನನ್ನು ನೋಡಿದ, ಹಿಂದಿನ ರಾತ್ರಿಯೆಲ್ಲ ಕಟ್ಟಿಕೊಂಡಿದ್ದ ಮಾತುಗಳನ್ನು ಹಿಡಿದು ಎದ್ದ.

"ಈ ಕಥೆಯನ್ನು ನಿಮಗೆ ನಾನು ಎಷ್ಟೋ ಸಲ ಹೇಳಿದ್ದೇನೆ. ಇವತ್ತು ನಿಜವಾದದ್ದನ್ನು ಹೇಳುತ್ತೇನೆ," ಎಂದು ಶುರುಮಾಡಿದ. "ಆ ಬೇಲಿಯ ಹಿಂದೆ ನಿಮ್ಮ ಕ್ಯಾಪ್ಟನ್ ಕತ್ತಿ ಬೀಸಲಿಲ್ಲ. ನಿಮ್ಮ ಕ್ಯಾಪ್ಟನ್ ಹೆದರಿದ್ದ. ಮುಖ ಮಣ್ಣಿನಲ್ಲಿ ಹುದುಗಿಸಿ ಮಲಗಿದ್ದ. ಓಡಿಹೋಗಬೇಕೆಂದು ಅವನಿಗೆ ಅನಿಸಿತ್ತು."

ಮೊದಲು ಒಬ್ಬ ಮುದುಕಿ ಬಿಕ್ಕಿದಳು. ಆಮೇಲೆ ತುಕಡಿಯಿಂದ ಯಾರೋ, "ನಾವೂ ಹೆದ್ರಿದ್ವಿ ಕ್ಯಾಪ್ಟನ್, ನಾವೆಲ್ರೂ!" ಎಂದು ಕೂಗಿದ. ಗಂಡಸರು ಕಣ್ಣೊರೆಸಿಕೊಂಡರು. ಹೀಗೊಬ್ಬ ದೊಡ್ಡ ಮನುಷ್ಯ ತನ್ನ ಹೆದರಿಕೆಯನ್ನು ಬಾಯಿಬಿಟ್ಟು ಹೇಳಿದ್ದನ್ನು ಆ ಊರು ಎಂದೂ ಕೇಳಿರಲಿಲ್ಲ.

"ಅಂಥ ಹೊತ್ತಿನಲ್ಲಿ ನಾನು ಒಬ್ಬನನ್ನು..." ಎನ್ನುವಷ್ಟರಲ್ಲಿ ಬ್ಯಾಂಡು ಹೊಡೆಯಿತು. ತಮಟೆ, ಕೊಳಲು, ತುತ್ತೂರಿ ಎಲ್ಲ ಒಮ್ಮೆಲೇ. ಜನ ಎದ್ದು ನಿಂತು ಟೋಪಿ ಹಾರಿಸಿದರು. ಬಾಸ್ಕಮ್ ಕೈ ಎತ್ತಿ ತಡೆಯಲು ನೋಡಿದ. ಅದನ್ನು ವಂದನೆ ಎಂದುಕೊಂಡು ಇನ್ನೂ ಜೋರಾಗಿ ಕೂಗಿದರು. ಗ್ರಬ್ ಹಿಂದಿನಿಂದ ಬಂದು ಅವನ ಮೊಣಕೈ ಹಿಡಿದ.

"ಇಲ್ಲಿಗೇ ನಿಲ್ಸು ಮಾರಾಯ," ಎಂದ ಕಿವಿಯಲ್ಲಿ. "ಇದಕ್ಕಿಂತ ಒಳ್ಳೇ ಭಾಷಣ ನಾನು ಕೇಳಿಲ್ಲ. ಇನ್ನೊಂದು ಮಾತಾಡಿದ್ರೆ ಕೆಡುತ್ತೆ."

ಬ್ಯಾಂಡು ನಿಂತಿತು. ಸುಳ್ಳು ಹೇಳಬಾರದು, ಬ್ಯಾಂಡು ಪೂರ್ತಿ ನಿಂತಿತು. ಎಲೆ ಅಲ್ಲಾಡಿದರೂ ಕೇಳುವಷ್ಟು ಮೌನವಾಯಿತು. ಎಲ್ಲ ಮುಖಗಳೂ ಬಾಸ್ಕಮ್‌ನ ಕಡೆಗೆ ಪ್ರೀತಿಯಿಂದ ಎತ್ತಿಕೊಂಡಿದ್ದವು. ಅಷ್ಟು ಪ್ರೀತಿಯನ್ನು ಅವನು ಹುಟ್ಟಿದಂದಿನಿಂದ ಕಂಡಿರಲಿಲ್ಲ. ಟಿಲ್ಸನ್ ಗೇಟಿನ ಸರಳನ್ನು ಹಿಡಿದುಕೊಂಡಿದ್ದ.

"ದೇವರು ನಿಮ್ಮನ್ನೆಲ್ಲ ಕಾಪಾಡಲಿ," ಎಂದು ಬಾಸ್ಕಮ್ ಕೂತುಬಿಟ್ಟ.

ಕರ್ನಲ್‌ನ ಡೇರೆಯಲ್ಲಿ ಹೇಳಿದ ಸುಳ್ಳಿಗಾದರೂ ಕರ್ನಲ್‌ನ ಭಯದ ನೆಪವಿತ್ತು. ಇದಕ್ಕೆ ಏನು ನೆಪ? ಇಲ್ಲಿ ಯಾರೂ ಅವನ ಭುಜದ ಪಟ್ಟಿ ಕೀಳಲು ನಿಂತಿರಲಿಲ್ಲ. ಜನ ಚಪ್ಪಾಳೆ ಹೊಡೆಯುತ್ತಿದ್ದರು, ಅಷ್ಟೇ. ಟಿಲ್ಸನ್ ಕೋಟು ಬಿಚ್ಚಿ, ಸುಕ್ಕಾಗದಂತೆ ಮಡಿಸಿ ತೋಳಿನ ಮೇಲೆ ಹಾಕಿಕೊಂಡು ಇಳಿಜಾರಿನಲ್ಲಿ ಹೋಗುವುದನ್ನು ಬಾಸ್ಕಮ್ ವೇದಿಕೆಯ ಮೇಲಿನಿಂದ ನೋಡಿದ.

ಆ ಭಾಷಣ ಊರೂರಿಗೆ ಹೋಯಿತು. ಗ್ರಬ್ ಹೋದಲ್ಲೆಲ್ಲ ಅದನ್ನೇ ಮಾಡಿಸಿದ. ಹೆದರಿದ್ದೆ ಎನ್ನುವ ಜಾಗದಲ್ಲಿ ಒಂದು ಗಳಿಗೆ ನಿಲ್ಲಿಸು, ಹೆಂಗಸರು ಅಳಲು ಸಮಯ ಬೇಕು ಎಂದು ಹೇಳಿಕೊಟ್ಟ. ಬಾಸ್ಕಮ್ ನಿಲ್ಲಿಸಿದ. ಹೆಂಗಸರು ಅತ್ತರು. ಶರತ್ಕಾಲದ ಚುನಾವಣೆಯಲ್ಲಿ ಅವನು ಹಿಂದೆಂದೂ ಇಲ್ಲದಷ್ಟು ವೋಟಿನಿಂದ ಗೆದ್ದು ವಾಷಿಂಗ್ಟನ್ನಿಗೆ ಹೋದ. ಹೋಗುವ ದಿನವೂ ನಿಲ್ದಾಣಕ್ಕೆ ಗಿರಣಿಯ ದಾರಿಯಲ್ಲೇ ಹೋದ.

ವಾಷಿಂಗ್ಟನ್ನಿನಲ್ಲಿ ಅವನ ಗಂಟಲಿಗೆ ಯಾರೂ ಬೆರಗಾಗಲಿಲ್ಲ. ಅಲ್ಲಿ ಎಲ್ಲರಿಗೂ ಗಂಟಲಿತ್ತು. ಆದರೆ ಅಲ್ಲಿನ ಒಂದು ರೂಢಿ ಅವನ ಕಣ್ಣಿಗೆ ಬಿತ್ತು. ದಂಡಿನ ದಫ್ತರದಲ್ಲಿ ಯಾವನಾದರೂ ಬಡಪಾಯಿಯ ಮೇಲೆ ಓಡಿಹೋದ ಕಳಂಕವಿದ್ದರೆ, ಅವನ ಕಡೆಯ ಸದಸ್ಯ ಅವನೊಬ್ಬನ ಹೆಸರಿನಲ್ಲೇ ಒಂದು ಪುಟ್ಟ ಮಸೂದೆ ತಂದು ಅದನ್ನು ಅಳಿಸಿಹಾಕಬಹುದಿತ್ತು. ಅಂಥವನ್ನು ಶುಕ್ರವಾರಗಳಲ್ಲಿ ಒಂದರ ಹಿಂದೊಂದು ಓದಿ ಮುಗಿಸುತ್ತಿದ್ದರು. ಆ ಹೊತ್ತಿನಲ್ಲಿ ಅರ್ಧ ಕುರ್ಚಿಗಳು ಖಾಲಿ, ಉಳಿದವರು ಪತ್ರಿಕೆ ಓದುತ್ತ ಹೊಗೆಸೊಪ್ಪು ಅಗಿಯುತ್ತ ಕೂತಿರುತ್ತಿದ್ದರು. ಬಾಸ್ಕಮ್ ಎನಾಕ್ ಟಿಲ್ಸನ್‌ನ ಹೆಸರಿನಲ್ಲಿ ಒಂದು ಮಸೂದೆ ತಂದ. ಗುಮಾಸ್ತ ಗೊಣಗಿದ ಹಾಗೆ ಓದಿದ. ವಿರೋಧವಿದೆಯೇ ಎಂದು ಕೇಳಿದರು. ಯಾರೋ ಸೀನಿದರು. ಅಂಗೀಕಾರವಾಯಿತು. ಕಾಲಕ್ರಮದಲ್ಲಿ ಮೊಹರು ಬಿದ್ದು ಕಾನೂನೂ ಆಯಿತು.

ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದು ಬಾಸ್ಕಮ್‌ಗೆ ಅನಿಸಿತು. ಬೇಸಿಗೆಯ ಬಿಡುವಿಗೆ ಊರಿಗೆ ಬಂದವನು, ಎಷ್ಟೋ ವರ್ಷಗಳ ಮೇಲೆ ಮೊದಲ ಬಾರಿಗೆ ಬೀದಿಯ ಕೆಳಗಿನ ತುದಿಗೆ ನಡೆದು ಹೋದ. ಟಿಲ್ಸನ್ ಜಗುಲಿಯಲ್ಲಿ ಕಂಬಳಿ ಹೊದ್ದು ಕೂತಿದ್ದ. ಎಂಥ ಬಿಸಿಲಿನಲ್ಲೂ ಅವನಿಗೆ ಈಗ ಚಳಿ. ಬಾಸ್ಕಮ್ ಆ ಕಾಗದವನ್ನು ಚಾಚಿದ.

"ನೀವೇ ಓದಿ ಮೇಷ್ಟ್ರೇ. ನಿಮ್ಮ ಬಾಯಲ್ಲಿ ಚೆನ್ನಾಗಿ ಕೇಳುತ್ತೆ."

ಬಾಸ್ಕಮ್ ಓದಿದ. ಕಳಂಕ ತೆಗೆದುಹಾಕಲಾಗಿದೆ, ಗೌರವದಿಂದ ಬಿಡುಗಡೆಯಾದವನೆಂದು ಪರಿಗಣಿಸತಕ್ಕದ್ದು, ಹೀಗೆಲ್ಲ ಇತ್ತು. ಟಿಲ್ಸನ್ ಕೊನೆಯವರೆಗೂ ಕೇಳಿದ.

"ಇದನ್ನ ಅಲ್ಲಿ ಎಷ್ಟು ಜನ ಕೇಳಿಸ್ಕೊಂಡ್ರು?"

ಬಾಸ್ಕಮ್‌ಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಯಾರೂ ಇಲ್ಲ," ಎಂದ.

"ಇಲ್ಲಿ ಯಾರಿಗೆ ಗೊತ್ತು?"

"ಯಾರಿಗೂ ಗೊತ್ತಿಲ್ಲ."

ಟಿಲ್ಸನ್ ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಲ್ಲುವ ತನಕ ಬಾಸ್ಕಮ್ ಬಿಸಿಲಿನಲ್ಲಿ ನಿಂತಿದ್ದ.

"ವಾಷಿಂಗ್ಟನ್‌ನಲ್ಲಿ ನನ್ನನ್ನ ಹೇಡಿ ಅಂದೋರು ಯಾರಿದಾರೆ ಮೇಷ್ಟ್ರೇ?" ಎಂದು ಕೇಳಿದ. "ಅಲ್ಲಿ ನಾನು ಹುಟ್ಟಿದ್ದೇ ಯಾರಿಗೂ ಗೊತ್ತಿಲ್ಲ. ನಮ್ಮಮ್ಮ ಚರ್ಚಿಗೆ ಹೋದಾಗ ಬೆಂಚಲ್ಲಿ ಪಕ್ಕಕ್ಕೆ ಸರಿದು ಕೂತಿದ್ದು ವಾಷಿಂಗ್ಟನ್ನಾ? ನನ್ನ ಮಗಳನ್ನ ಕೇಳೋಕೆ ಬಂದ ಗಂಡು ಕುಂಕಲ್ ಹತ್ರ ವಿಚಾರಿಸಿ ವಾಪಸ್ ಹೋದನಲ್ಲ, ಅದು ವಾಷಿಂಗ್ಟನ್ನಾ? ಹೇಡಿ ಅಂದಿದ್ದು ಈ ಬೀದಿ. ತಗೊಂಡ್ಹೋಗಿ ನಿಮ್ಮ ಕಾಗ್ದ. ಬೀದಿಗೆ ಹೇಳಿ, ಧೈರ್ಯ ಇದ್ರೆ."

ಬಾಸ್ಕಮ್ ತಲೆ ತಗ್ಗಿಸಿಕೊಂಡು ಬೀದಿಯನ್ನು ಹತ್ತಿದ. ಅಷ್ಟು ದೂರ ಹೋಗಿ, ಅಷ್ಟು ದೊಡ್ಡ ಕಟ್ಟಡದಲ್ಲಿ ಕೂತು ಕಳ್ಳನ ಹಾಗೆ ಮಾಡಿಕೊಂಡು ಬಂದದ್ದು ಇದನ್ನೇ ತಾನೇ. ಮಾನವನ್ನು ಕದ್ದದ್ದು ಹಾಡಹಗಲಲ್ಲಿ, ತಮಟೆ ಬಡಿದು. ವಾಪಸು ಕೊಡುವುದು ಮಾತ್ರ ಯಾರಿಗೂ ಕೇಳದ ಹಾಗೆ. ಅವನಿಗೆ ತನ್ನ ಮೇಲೆ ಅಸಹ್ಯವಾಯಿತು. ಮೊದಲು ಕುಂಕಲ್‌ಗೆ ಹೇಳಬೇಕು, ಕುಂಕಲ್‌ಗೆ ಹೇಳಿದರೆ ತುಕಡಿಗೆ ಹೇಳಿದಂತೆ ಎಂದುಕೊಂಡು ಕುಲುಮೆಯೊಳಗೆ ಹೋದ.

ಕುಂಕಲ್ ಒಬ್ಬನೇ ಇದ್ದ. ಕೆಂಪಗೆ ಕಾದ ಲಾಳವನ್ನು ಇಕ್ಕಳದಲ್ಲಿ ಹಿಡಿದಿದ್ದ.

"ಗಾಡ್‌ಫ್ರೀ, ಎನಾಕ್ ಅವತ್ತು ಓಡಿಹೋಗ್ಲಿಲ್ಲ. ನಾನು ಕಳಿಸಿದ್ದು. ಕೋವಿ ಬಿಟ್ಟು ಹೋಗು ಅಂದಿದ್ದೂ ನಾನೇ. ಕರ್ನಲ್ ಹತ್ರ ಸುಳ್ಳು ಹೇಳ್ದೆ."

ಕುಂಕಲ್ ತಲೆ ಎತ್ತಲಿಲ್ಲ. "ಗೊತ್ತು," ಎಂದ.

"ಏನು ಗೊತ್ತು?"

"ನಾನು ನಿಮ್ಮ ಪಕ್ಕದಲ್ಲೇ ಇದ್ನಲ್ಲ ಕ್ಯಾಪ್ಟನ್. ನಾನೇನು ಕಿವುಡನಾ?"

ಬಾಸ್ಕಮ್ ಅಲ್ಲಿದ್ದ ಪೀಪಾಯಿಯ ಮೇಲೆ ಕೂತ. "ಬೇರೆಯೋರಿಗೆ?"

"ಅವತ್ತೇ ರಾತ್ರಿ ಎಲ್ರಿಗೂ ಗೊತ್ತಾಯ್ತು. ಗುಸುಗುಸು ಮಾತಾಡ್ಕೊಂಡ್ವಿ, ಸುಮ್ನಾದ್ವಿ. ಮೇಲಿಂದ ಯಾರೋ ಕಳಿಸಿದ ಕ್ಯಾಪ್ಟನ್ ಆಗಿದ್ರೆ ಮುಖಕ್ಕೆ ಉಗಿದು ನಿಜ ಹೇಳ್ತಿದ್ವಿ. ನಿಮ್ಮನ್ನ ಆರಿಸಿದ್ದು ನಾವು. ಕೈ ಎತ್ತಿದ್ದು ನಾವು. ನೀವು ಹೇಡಿ ಅಂದ್ರೆ ಆ ಕೈ ಯಾರ್ದು? ಹಿಂದಕ್ಕೆ ಬರ್ತೀವಿ ಅಂತ ಬೇಡ್ಕೊಂಡು ಆಳು ಕಳಿಸಿದ ತುಕಡಿ ಅಂದ್ಮೇಲೆ, ಬೇಲಿ ಬಿಡದ ತುಕಡಿ ಎಲ್ಲಿ ಉಳೀತು? ಅಲ್ಲಿ ಸತ್ತ ಹುಡುಗ್ರ ಅಮ್ಮಂದಿರಿಗೆ ಏನಂತ ಹೇಳೋದು?" ಅವನು ಬೆವರು ಒರೆಸಿಕೊಂಡ. "ಸ್ಮಶಾನದಲ್ಲಿ ನೀವು ಹೇಳೇಬಿಡ್ತೀರಿ ಅಂತ ಬ್ಯಾಂಡಿಗೆ ಕೈ ಮಾಡಿದ್ದು ಯಾರು ಅನ್ಕೊಂಡಿದೀರಿ? ನಾನು."

ಬಾಸ್ಕಮ್ ಇಷ್ಟು ವರ್ಷ ಊರಿಗೆಲ್ಲ ಮೋಸ ಮಾಡಿದೆ ಎಂದುಕೊಂಡಿದ್ದ. ಅವನು ಯಾರಿಗೂ ಮೋಸ ಮಾಡಿರಲಿಲ್ಲ. ಚೀಟಿ ಎತ್ತಿ ಹಿಡಿದು ಸಾಲುಗಟ್ಟಿ ಬಂದವರೆಲ್ಲ ಅವನಿಗೆ ವೋಟು ಹಾಕಿದ್ದಲ್ಲ, ತಮ್ಮ ಬಾಯಿಗೆ ತಾವೇ ಬೀಗ ಹಾಕಿಕೊಂಡದ್ದು. ಆ ಬೀಗದ ಮೇಲೆ ಹತ್ತಿ ಅವನು ವಾಷಿಂಗ್ಟನ್ ತನಕ ಹೋಗಿದ್ದ. ಅಡಿಯಲ್ಲಿ ಒಬ್ಬ ಬಾವಿ ತೋಡುವವನನ್ನು ಎಲ್ಲರೂ ಸೇರಿ ಹೂತಿಟ್ಟಿದ್ದರು.

"ಕತ್ತಿ ಹಿಡಿದಿದ್ದು ನನ್ನ ಕೈ," ಎಂದ ಕುಂಕಲ್, ಸಣ್ಣ ದನಿಯಲ್ಲಿ. "ಇವತ್ತಿಗೂ ಅವನು ಎದುರಿಗೆ ಬಂದ್ರೆ ಕಿವಿ ನೋಡ್ತೀನಿ. ಮುಖ ನೋಡೋಕಾಗಲ್ಲ."

"ಬಾ ಗಾಡ್‌ಫ್ರೀ. ಇಬ್ರೂ ಹೋಗಿ ಹೇಳೋಣ."

ಕುಂಕಲ್ ಲಾಳವನ್ನು ನೋಡಿದ. "ಕಬ್ಬಿಣ ತಣ್ಣಗಾಗುತ್ತೆ," ಎಂದು ಸುತ್ತಿಗೆ ಎತ್ತಿಕೊಂಡ.

ಬಾಸ್ಕಮ್ ಒಬ್ಬನೇ ಬೀದಿಗೆ ಬಂದ. ಅದು ಶನಿವಾರ. ಹಳ್ಳಿಯ ಗಾಡಿಗಳು, ಬೆಣ್ಣೆ ಮೊಟ್ಟೆ ಮಾರುವವರು, ಅಂಗಡಿಯ ಮುಂದಿನ ಬೆಂಚಿನಲ್ಲಿ ತುಕಡಿಯ ಮೂರ್ನಾಲ್ಕು ಮುದುಕರು ಇದ್ದರು. ನಿಲ್ಲಲು ವೇದಿಕೆಯಿರಲಿಲ್ಲ. ಅವನು ಕುದುರೆಯ ಲದ್ದಿಯ ನಡುವೆ, ದಾರಿಯ ಮಧ್ಯದಲ್ಲಿ ನಿಂತ.

"ಎನಾಕ್ ಟಿಲ್ಸನ್ ಓಡಿಹೋಗಲಿಲ್ಲ," ಎಂದ. "ನಾನು ಅವನನ್ನು ಕಳಿಸಿದೆ. ಕಳಿಸಿಲ್ಲ ಅಂತ ಸುಳ್ಳು ಹೇಳಿದೆ."

ಆ ದೊಡ್ಡ ಗಂಟಲು ಒಡೆದು ಸೀಳಾಗಿ ಬಂತು. ಯಾರೂ ಅಳಲಿಲ್ಲ, ಯಾರೂ ಟೋಪಿ ಹಾರಿಸಲಿಲ್ಲ. ಬೆಂಚಿನ ಮುದುಕರು ತಮ್ಮ ಬೂಟು ನೋಡಿಕೊಂಡರು. ಒಬ್ಬಳು ಮಗುವನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದಳು. "ಹಗಲೊತ್ತಲ್ಲೇ ಕುಡಿದವ್ರೆ ಪಾಪ," ಎಂದು ಗಾಡಿಯವನೊಬ್ಬ ಹೇಳಿದ. ಬಾಸ್ಕಮ್ ನಾಲ್ಕು ಹೆಜ್ಜೆ ಇಳಿದು ಮತ್ತೊಂದು ಮನೆಯ ಮುಂದೆ ನಿಂತು ಅದನ್ನೇ ಹೇಳಿದ. ಮತ್ತೆ ಇಳಿದ, ಮತ್ತೆ ಹೇಳಿದ. ಒಂದೊಂದು ಮನೆಯ ಮುಂದೆಯೂ ಮೈ ಮೇಲಿನ ಬಟ್ಟೆ ಬಿಚ್ಚಿಹೋದಂತೆ ನಾಚಿಕೆಯಾಗುತ್ತಿತ್ತು. ಹಿಂದೆ ಕುಲುಮೆಯಲ್ಲಿ ಸುತ್ತಿಗೆಯ ಸದ್ದು ಜೋರಾಗುತ್ತ ಬಂತು. ಕುಂಕಲ್ ತಣ್ಣಗಾದ ಕಬ್ಬಿಣವನ್ನು ಬಡಿಯುತ್ತಿದ್ದ.

ಬೀದಿಯ ಕೆಳಗಿನ ತುದಿಗೆ ಬರುವಷ್ಟರಲ್ಲಿ ಬಾಸ್ಕಮ್‌ನ ಸ್ವರ ಪಿಸುಮಾತಾಗಿತ್ತು. ಟಿಲ್ಸನ್ ಕಂಬಳಿಯನ್ನು ಬಿಟ್ಟು, ಜಗುಲಿಯ ಕಂಬ ಹಿಡಿದು ಎದ್ದು ನಿಂತಿದ್ದ.

"ಕೇಳಿಸ್ತಿಲ್ಲ ಮೇಷ್ಟ್ರೇ," ಎಂದ ಅವನು. "ವೋಟು ಕೇಳೋವಾಗ ಇಷ್ಟು ಮೆಲ್ಲಗೆ ಮಾತಾಡ್ತಿರ್ಲಿಲ್ಲ ನೀವು."

ಬಾಸ್ಕಮ್ ಉಸಿರು ಎಳೆದುಕೊಂಡು, ಸುತ್ತಿಗೆಯ ಸದ್ದನ್ನೂ ಮೀರುವಂತೆ, ಮೊದಲಿನಿಂದ ಮತ್ತೆ ಹೇಳಿದ.